ತಿಳಿನೀರಿನ ಸುಳ್ಳು

ಕಳೆದ ಜೂನಿನ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಅಕ್ವೇರಿಯಮ್ಮಿನಲ್ಲಿ ಮೂರು ಮೀನು ಸತ್ತು ತೇಲುತ್ತಿದ್ದವು. ನೀರು ಮಾತ್ರ ಬಹಳ ತಿಳಿಯಾಗಿತ್ತು. ಹಿಂದಿನ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ತಾರೀಖುಗಳನ್ನು ತೊಟ್ಟಿಯ ಎರಡು ಗಾಜು ಮತ್ತು ಒಂದಡಿ ನೀರಿನ ಮೂಲಕ ಸಲೀಸಾಗಿ ಓದಬಹುದಿತ್ತು. ಒಂಬತ್ತು ವರ್ಷದ ಮಗಳು ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಬಂದು ನಿಂತಳು. ಸ್ವಲ್ಪ ಹೊತ್ತು ನೋಡಿ, ಬ್ರಶ್ಶು ತೆಗೆದು, ‘ಅಪ್ಪಾ, ನೀರು ಇಷ್ಟು ಕ್ಲೀನಾಗಿದೆಯಲ್ಲ, ಮತ್ತೆ ಯಾಕೆ ಸತ್ತವು?’ ಎಂದಳು.

‘ಅಂಗಡಿಯವನು ಕಾಯಿಲೆ ಮೀನು ಕೊಟ್ಟಿದ್ದಾನೆ ಪುಟ್ಟಿ’ ಎಂದೆ.

ಆ ಉತ್ತರ ಬರಲು ನನಗೆ ಒಂದು ಕ್ಷಣದ ಯೋಚನೆಯೂ ಬೇಕಾಗಲಿಲ್ಲ. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸಿದವನಿಗೆ ‘ವೆಂಡರ್ ಕಡೆಯಿಂದ ತೊಂದರೆ’ ಎಂಬ ವಾಕ್ಯ ಉಸಿರಾಟದಷ್ಟೇ ಅಭ್ಯಾಸವಾಗಿರುತ್ತದೆ. ಅದು ಸುಳ್ಳು ಎಂದು ಆಗ ಖಚಿತವಾಗಿ ಗೊತ್ತಿರಲಿಲ್ಲ, ನಿಜ. ಆದರೆ ನಿಜವೋ ಸುಳ್ಳೋ ಎಂದು ನಾನು ನೋಡಿಕೊಳ್ಳಲೂ ಇಲ್ಲ. ಈ ಬರಹ ಆ ಒಂದು ವಾಕ್ಯದ ಬಗ್ಗೆ, ಮತ್ತು ಅದು ಮುಂದೆ ಏನೇನು ಮಾಡಿಸಿತು ಎಂಬುದರ ಬಗ್ಗೆ.

ತೊಟ್ಟಿ ಬಂದದ್ದು ಮೂರು ವಾರದ ಹಿಂದೆ. ಪುಣೆಯ ಬಾನೇರಿನ ನಮ್ಮ ಫ್ಲ್ಯಾಟಿನಲ್ಲಿ ನಾಯಿ ಸಾಕುವುದು ಬೇಡವೆಂದು ಹೆಂಡತಿಯೂ, ಏನಾದರೂ ಒಂದು ಜೀವ ಬೇಕೇ ಬೇಕೆಂದು ಮಗಳೂ ಹಟ ಹಿಡಿದಾಗ ನಾನು ಮಾಡಿಸಿದ ರಾಜಿ ಅದು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಅಂದಾಜು 55 ಲೀಟರ್ ನೀರು. ಬಣ್ಣದ ಜಲ್ಲಿ, ಸ್ಪಂಜಿನ ಫಿಲ್ಟರ್, ಗಾಳಿಯ ಪಂಪು, ಕ್ಲೋರಿನ್ ತೆಗೆಯುವ ದ್ರವದ ಒಂದು ಸಣ್ಣ ಬಾಟಲಿ, ಆರು ಮಾಲಿ ಮೀನು. ಎಲ್ಲವೂ ಒಂದೇ ಸಂಜೆಯಲ್ಲಿ ಮನೆಗೆ ಬಂದು, ರಾತ್ರಿ ಊಟದ ಹೊತ್ತಿಗೆ ಮೀನುಗಳು ಓಡಾಡುತ್ತಿದ್ದವು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಒಂದೇ ದಿನಕ್ಕೆ ‘ಗೋ-ಲೈವ್’.

ನಾಲ್ಕನೆಯ ದಿನ ನೀರು ಬೆಳ್ಳಗಾಯಿತು. ಕೊಳಕು ಕಂದಲ್ಲ, ಹಸಿರೂ ಅಲ್ಲ. ಅಕ್ಕಿ ತೊಳೆದ ಅಕ್ಕಚ್ಚಿನ ಬಣ್ಣ. ಮೀನುಗಳು ಮಂಜಿನೊಳಗಿಂದ ಬಂದು ಮಂಜಿನೊಳಗೇ ಹೋಗುತ್ತಿದ್ದವು. ನಾನು ಕೂಡಲೇ ಕೆಲಸಕ್ಕಿಳಿದೆ. ಮೀನುಗಳನ್ನು ಬಕೆಟ್ಟಿಗೆ ಹಾಕಿ, ನೀರನ್ನೆಲ್ಲ ಚೆಲ್ಲಿ, ಜಲ್ಲಿಯನ್ನು ಅಕ್ಕಿಯಂತೆ ಏಳು ಸಲ ತೊಳೆದು, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಹೊಸದರಂತೆ ಮಾಡಿ ಮತ್ತೆ ತುಂಬಿಸಿದೆ. ಎರಡು ದಿನ ಚೆನ್ನಾಗಿತ್ತು. ಮೂರನೆಯ ದಿನ ಮತ್ತೆ ಅಕ್ಕಚ್ಚು. ಮತ್ತೆ ತೊಳೆದೆ. ಮತ್ತೆ ಬಂತು. ಅಷ್ಟರಲ್ಲಿ ಆ ಶನಿವಾರ ನಮ್ಮ ಕನ್ನಡ ಬಳಗದ ನಾಲ್ಕು ಸಂಸಾರ ಊಟಕ್ಕೆ ಬರುವುದಿತ್ತು. ಮಂಜು ಮುಸುಕಿದ ತೊಟ್ಟಿಯನ್ನು ಜನ ನೋಡುವುದು ನನಗೆ ಒಗ್ಗಲಿಲ್ಲ. ಶುಕ್ರವಾರ ರಾತ್ರಿ ಮೂರನೆಯ ಬಾರಿ ಎಲ್ಲ ತೊಳೆದು, ನೀರು ತಿಳಿಗೊಳಿಸುವ ಔಷಧವನ್ನೂ ತಂದು ಸುರಿದೆ. ಶನಿವಾರ ತೊಟ್ಟಿ ಫಳಫಳ ಹೊಳೆಯಿತು. ಬಂದವರೆಲ್ಲ ಹೊಗಳಿದರು. ಭಾನುವಾರ ಮೂರು ಮೀನು ಹೋದವು.

ಮಗಳಿಗೆ ಹೇಳಿದ ಮಾತನ್ನು ಉಳಿಸಿಕೊಳ್ಳಬೇಕಲ್ಲ. ಅವಳನ್ನು ಕರೆದುಕೊಂಡೇ ಅಂಗಡಿಗೆ ಹೋದೆ. ಅರವತ್ತು ದಾಟಿದ ಮನುಷ್ಯ. ನನ್ನ ಅರೆಬರೆ ಮರಾಠಿಯಲ್ಲಿ, ಆಫೀಸಿನ ದನಿಯಲ್ಲಿ, ನಾಲ್ಕು ಗಿರಾಕಿಗಳ ಎದುರು ಜೋರು ಮಾಡಿದೆ. ಅವರು ವಾದಿಸಲಿಲ್ಲ. ಮಗಳ ಮುಖ ನೋಡಿ, ಬಲೆ ತೆಗೆದು, ಮೂರು ಮೀನು ಹಿಡಿದು ಕವರಿಗೆ ಹಾಕಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಆ ಮೂರನ್ನು ತಂದು ಅದೇ ನೀರಿಗೆ ಬಿಟ್ಟೆ. ಬುಧವಾರದ ಹೊತ್ತಿಗೆ ಅವುಗಳಲ್ಲಿ ಎರಡು ಸತ್ತವು.

ಆಮೇಲೆ ನಾನು ಓದಲು ಕುಳಿತೆ. ಮೊದಲೇ ಮಾಡಬೇಕಾದ ಕೆಲಸ. ಓದಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಮುಂದಿನ ಪ್ರಶ್ನೆ ಇದರ ಮೇಲೆಯೇ ನಿಂತಿದೆ.

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ, ಮಲ, ಕೊಳೆತ ಎಲೆ ಎಲ್ಲದರಿಂದಲೂ ಅಮೋನಿಯ ಬರುತ್ತದೆ. ಮೀನಿಗೆ ಅದು ವಿಷ. ಹಳೆಯ ತೊಟ್ಟಿಯಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ, ಮೀನಿನ ರಕ್ತ ಆಮ್ಲಜನಕ ಹೊರುವುದನ್ನೇ ಅದು ತಡೆಯುತ್ತದೆ. ಇನ್ನೊಂದು ಗುಂಪಿನ ಬ್ಯಾಕ್ಟೀರಿಯ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟನ್ನು ಮೀನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ, ಗಿಡಗಳು ಹೀರುತ್ತವೆ. ಈ ಬ್ಯಾಕ್ಟೀರಿಯಗಳನ್ನು 1890ರ ಹೊತ್ತಿಗೇ ಸೆರ್ಗೈ ವಿನೊಗ್ರಾಡ್‌ಸ್ಕಿ ಎಂಬ ರಷ್ಯದ ವಿಜ್ಞಾನಿ ಬೇರ್ಪಡಿಸಿ ತೋರಿಸಿದ್ದ. ಎರಡೂ ಕೆಲಸವನ್ನು ಒಂದೇ ಬ್ಯಾಕ್ಟೀರಿಯ ಮಾಡಬಲ್ಲದು ಎಂದು ಗೊತ್ತಾದದ್ದು 2015ರಲ್ಲಿ. ಅದನ್ನು ಕಂಡ ಜಾಗಗಳಲ್ಲಿ ಒಂದು ಮೀನು ಸಾಕಣೆಯ ಫಿಲ್ಟರ್. ಇವು ನೀರಿನಲ್ಲಿ ತೇಲುವುದಕ್ಕಿಂತ ಸ್ಪಂಜಿಗೆ, ಜಲ್ಲಿಗೆ ಅಂಟಿಕೊಂಡು ಬದುಕುವುದೇ ಹೆಚ್ಚು. ನಿಧಾನದ ಜೀವಗಳು. ಒಂದು ಎರಡಾಗಲು ಹತ್ತಿರ ಹತ್ತಿರ ಒಂದು ದಿನ ಬೇಕು. ಹೊಸ ತೊಟ್ಟಿಯಲ್ಲಿ ಇವುಗಳ ಸಂಸಾರ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ನಾನು ಕಂಡ ಬಿಳಿ ಮಂಜು ಬೇರೆಯ ಬ್ಯಾಕ್ಟೀರಿಯಗಳದು. ಕೊಳೆಯುವ ಪದಾರ್ಥವನ್ನು ತಿಂದು ಗಂಟೆಗಳ ಲೆಕ್ಕದಲ್ಲಿ ದ್ವಿಗುಣವಾಗುವ, ನೀರಿನಲ್ಲೇ ತೇಲುವ ಜಾತಿ. ಹೊಸ ತೊಟ್ಟಿಯಲ್ಲಿ ಅವು ಉಕ್ಕುವುದು ಸಹಜ. ತಿನ್ನಲು ಇದ್ದದ್ದು ಮುಗಿದರೆ ತಾವಾಗಿಯೇ ಇಳಿಯುತ್ತವೆ. ಅಲ್ಲಿಯವರೆಗೆ ಆಹಾರ ಕಡಿಮೆ ಮಾಡಿ, ಗಾಳಿ ಹೆಚ್ಚು ಕೊಟ್ಟು ಕಾಯಬೇಕು. ನಾನು ಮಾಡಿದ್ದೇನು? ಪ್ರತಿ ಸಲ ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿನೀರಲ್ಲಿ ತೊಳೆದು, ಆಗಷ್ಟೇ ಒಕ್ಕಲು ಬಂದಿದ್ದ ನಿಧಾನದ ಸಂಸಾರವನ್ನು ಎಬ್ಬಿಸಿ ಓಡಿಸಿದೆ. ಮಂಜಿನ ಜಾತಿ ಎರಡು ದಿನದಲ್ಲಿ ವಾಪಸು ಬಂತು, ವಿಷ ತೆಗೆಯುವ ಜಾತಿ ಬರಲಿಲ್ಲ. ಕೊನೆಗೆ ಸುರಿದ ಔಷಧ ತೇಲುವ ಕಣಗಳನ್ನು ಮುದ್ದೆಗಟ್ಟಿಸಿ ತಳಕ್ಕೆ ಕೂರಿಸಿತು. ಅಮೋನಿಯಕ್ಕೆ ಬಣ್ಣವಿಲ್ಲ. ಅದು ಅಲ್ಲೇ ಉಳಿಯಿತು, ತಿಳಿನೀರಿನಲ್ಲಿ.

ಕನ್ನಡದಲ್ಲಿ ‘ತಿಳಿ’ ಎಂಬುದಕ್ಕೆ ಎರಡು ಮುಖ. ನೀರು ತಿಳಿಯಾಗುತ್ತದೆ, ವಿಷಯವೂ ತಿಳಿಯುತ್ತದೆ. ಕದಡಿದ್ದು ನಿಂತರೆ ತಳ ಕಾಣುತ್ತದೆ, ಕಂಡದ್ದು ಗೊತ್ತಾಗುತ್ತದೆ ಎಂಬ ನಂಬಿಕೆ ಆ ಪದದಲ್ಲೇ ಇದೆ. ನಮ್ಮ ಹಿರಿಯರಿಗೂ ಈ ಹೋಲಿಕೆ ಪ್ರಿಯವಾಗಿತ್ತು. ಚಿಲ್ಲದ ಬೀಜವನ್ನು, ಅಂದರೆ ಸಂಸ್ಕೃತದ ಕತಕವನ್ನು, ತೇಯ್ದು ಬಗ್ಗಡದ ನೀರಿಗೆ ಹಾಕಿದರೆ ಮಣ್ಣು ತಳಕ್ಕೆ ಕೂರುತ್ತದೆ. ಶಂಕರರದೆಂದು ಹೇಳುವ ಆತ್ಮಬೋಧದಲ್ಲಿ ಜ್ಞಾನವನ್ನು ಈ ಬೀಜದ ಪುಡಿಗೆ ಹೋಲಿಸಿದೆ: ಅದು ಅಜ್ಞಾನದ ಕೊಳೆಯನ್ನು ಕೂರಿಸಿ, ಕೊನೆಗೆ ತಾನೂ ಕೂರುತ್ತದೆ. ಮನುಸ್ಮೃತಿಯಲ್ಲಿ ಅದೇ ಕಾಯಿ ಬೇರೆ ಮಾತಿಗೆ ಬರುತ್ತದೆ: ಅದರ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗುವುದಿಲ್ಲ. ಎರಡೂ ಒಳ್ಳೆಯ ಮಾತುಗಳು. ಆದರೆ ನನ್ನ ತೊಟ್ಟಿ ಇವೆರಡೂ ಹೇಳದ ಮೂರನೆಯದೊಂದನ್ನು ತೋರಿಸಿತು. ನೀರು ನಿಜವಾಗಿಯೂ ತಿಳಿಯಾಗಿರಬಹುದು, ತಳ ಕಾಣುತ್ತಿರಬಹುದು, ಆದರೂ ಏನೂ ತಿಳಿದಿರದೆ ಇರಬಹುದು. ಕಾಣಲು ಅಡ್ಡಿಯಾಗುವುದೆಲ್ಲ ಕೆಡುಕಲ್ಲ. ಕೆಡುಕೆಲ್ಲ ಕಣ್ಣಿಗೆ ಅಡ್ಡಿಯಾಗುವುದೂ ಇಲ್ಲ.

ಹಾಗಾದರೆ ಆ ತಿಳಿ ಯಾರಿಗಾಗಿ ಬೇಕಿತ್ತು? ಮೀನಿಗಲ್ಲ. ಕೆರೆಯ ಮೀನು ಮಳೆಗಾಲವಿಡೀ ಕೆಂಪು ನೀರಿನಲ್ಲೇ ಇರುತ್ತದೆ. ಬೇಕಿದ್ದದ್ದು ಸೋಫಾದ ಮೇಲೆ ಕೂತವನಿಗೆ. ಶನಿವಾರ ಸಂಜೆ ಬಂದ ನಾಲ್ಕು ಸಂಸಾರಗಳಿಗೆ, ಅವರಿಗಿಂತ ಹೆಚ್ಚಾಗಿ ಅವರೆದುರು ನಿಂತ ನನಗೆ. ನಾನು ಮೀನಿನ ಆರೈಕೆ ಮಾಡುತ್ತಿದ್ದೇನೆಂದುಕೊಂಡು ನನ್ನ ನೋಟದ ಆರೈಕೆ ಮಾಡುತ್ತಿದ್ದೆ. ಆರೈಕೆಯ ಹೆಸರಲ್ಲಿ ನಡೆಯುವ ಬಹಳಷ್ಟು ಕೆಲಸಕ್ಕೆ ಈ ಪ್ರಶ್ನೆ ಕೇಳಬಹುದು ಎನಿಸುತ್ತದೆ: ಇದರಿಂದ ನೆಮ್ಮದಿ ಸಿಗುವುದು ಅದಕ್ಕೋ, ಅದನ್ನು ನೋಡುವ ನನಗೋ?

ಇಲ್ಲಿ ನನಗೆ ಆಫೀಸಿನ ಒಂದು ಹಳೆಯ ಸಂಗತಿ ನೆನಪಾಗದೆ ಹೋಗಲಿಲ್ಲ. ನಮ್ಮ ವೃತ್ತಿಯಲ್ಲಿ ‘ಕಲ್ಲಂಗಡಿ ರಿಪೋರ್ಟ್’ ಎಂಬ ಮಾತಿದೆ, ಹೊರಗೆ ಹಸಿರು, ಒಳಗೆ ಕೆಂಪು. ಅಂಥದ್ದನ್ನು ಬರೆದವರನ್ನು ನಾನು ಗದರಿದ್ದೇನೆ. ಆದರೆ ಏಳೆಂಟು ವರ್ಷದ ಹಿಂದೆ ನನ್ನ ತಂಡದಲ್ಲಿ ಒಬ್ಬ ಹುಡುಗನಿದ್ದ. ಪ್ರತಿ ಮೀಟಿಂಗಿನಲ್ಲೂ ಏನಾದರೊಂದು ಅನುಮಾನ ತೆಗೆಯುತ್ತಿದ್ದ. ಡೇಟಾ ವರ್ಗಾವಣೆಯ ಬಗ್ಗೆ ಅವನಿಗೆ ಸಮಾಧಾನವೇ ಇರಲಿಲ್ಲ. ಕ್ಲೈಂಟ್ ಇದ್ದ ಒಂದು ಕರೆಯಲ್ಲಿ ಅವನು ಮತ್ತೆ ಅದೇ ಮಾತು ಎತ್ತಿದಾಗ, ಆಮೇಲೆ ಪಕ್ಕಕ್ಕೆ ಕರೆದು ಹೇಳಿದೆ, ‘ನೋಡು, ಎಲ್ಲ ಸರಿಯಾಗಿ ನಡೀತಿರುವಾಗ ನೀರು ಕದಡಬೇಡ.’ ಅವನು ತಲೆಯಾಡಿಸಿದ. ಮುಂದಿನ ಆರು ವಾರ ಮೀಟಿಂಗುಗಳು ಸುಸೂತ್ರವಾಗಿ ನಡೆದವು. ರಿಲೀಸಿನ ರಾತ್ರಿ ಡೇಟಾ ವರ್ಗಾವಣೆಯೇ ಮುರಿದುಬಿತ್ತು. ಎರಡು ರಾತ್ರಿ ಎಲ್ಲರೂ ಆಫೀಸಿನಲ್ಲೇ ಕಳೆದೆವು. ಅವನು ಒಂದು ಮಾತೂ ಆಡಲಿಲ್ಲ, ನಾನೂ ಆಡಲಿಲ್ಲ. ಮೂರು ತಿಂಗಳಿಗೆ ಬೇರೆ ಕೆಲಸ ಹಿಡಿದು ಹೋದ. ನಾನು ತಿಳಿಗೊಳಿಸಿದ್ದು ಮೀಟಿಂಗನ್ನು, ಪ್ರಾಜೆಕ್ಟನ್ನಲ್ಲ.

ಸರಿ, ಅವಸರದಲ್ಲಿ ತೊಳೆಯುವುದು ತಪ್ಪು. ಹಾಗಾದರೆ ಕೈಕಟ್ಟಿ ಕೂರುವುದೇ ಧರ್ಮವೇ? ಇಲ್ಲಿ ಎಚ್ಚರವಾಗಿರಬೇಕು. ‘ಕಾಯೋಣ, ತಾನಾಗೇ ಸರಿಹೋಗುತ್ತೆ’ ಎನ್ನುವುದು ಸೋಮಾರಿಗೂ ಹೇಡಿಗೂ ಬಹಳ ಅನುಕೂಲದ ತತ್ವ. ಎಷ್ಟೋ ಮನೆಗಳಲ್ಲಿ, ಎಷ್ಟೋ ಕಚೇರಿಗಳಲ್ಲಿ ಅದೇ ಮಾತು ಹೇಳಿ ಕೆಟ್ಟದ್ದನ್ನು ಬೆಳೆಯಲು ಬಿಟ್ಟಿದ್ದಾರೆ. ತಾಳ್ಮೆಗೂ ಉಪೇಕ್ಷೆಗೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ, ಎರಡರಲ್ಲೂ ಮನುಷ್ಯ ಸುಮ್ಮನೆ ಕೂತಿರುತ್ತಾನೆ.

ಈ ಗೊಂದಲವನ್ನು ನಾನು ಫೋನಿನಲ್ಲಿ ಅಪ್ಪಯ್ಯನ ಹತ್ತಿರ ಹೇಳಿದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬೇಸಿಗೆಯ ಕೊನೆಗೆ ಬಾವಿಯ ಕೆಸರು ತೆಗೆಯುತ್ತಿದ್ದರು. ‘ಮೀನಿನ ತೊಟ್ಟಿ ನಂಗೆ ಗೊತ್ತಿಲ್ಲ ಮಾರಾಯ’ ಎಂದರು ಅಪ್ಪಯ್ಯ. ‘ಬಾವಿ ಕೆಸರು ತೆಗ್ದ ಮೇಲೆ ನಾಲ್ಕು ದಿನ ನೀರು ಬಗ್ಗಡವೇ. ಅದನ್ನ ಯಾರೂ ಮುಟ್ಟೋದಿಲ್ಲ. ಮುಟ್ಟಿದ್ರೆ ಇನ್ನೂ ಕದಡ್ತದೆ.’

‘ಸುಮ್ನೆ ಬಿಟ್ಟುಬಿಡೋದಾ ಹಾಗಾದ್ರೆ?’

‘ಬಿಡೋದು ಯಾರು ಹೇಳಿದ್ರು? ನಾನು ದಿನಾ ಬೆಳಿಗ್ಗೆ ಮೆಲ್ಲಗೆ ಒಂದು ಚೊಂಬು ನೀರು ಎತ್ತಿ ನೋಡ್ತಿದ್ದೆ ಅಲ್ವಾ? ನೀನು ಸಣ್ಣೋನಿದ್ದಾಗ ಪಕ್ಕದಲ್ಲೇ ನಿಂತಿರ್ತಿದ್ದೆ.’

ನನಗೆ ನೆನಪಿತ್ತು. ಬಾವಿಗೆ ನೆಲ್ಲಿಯ ಮರದ ತುಂಡು ಹಾಕುತ್ತಿದ್ದದ್ದೂ, ಅಪ್ಪಯ್ಯ ಚೊಂಬನ್ನು ಬಿಸಿಲಿಗೆ ಹಿಡಿದು ನೋಡಿ, ಮೂಸಿ, ಏನೂ ಹೇಳದೆ ಗಿಡಕ್ಕೆ ಸುರಿಯುತ್ತಿದ್ದದ್ದೂ. ತಾಳ್ಮೆಗೂ ಉಪೇಕ್ಷೆಗೂ ಇರುವ ವ್ಯತ್ಯಾಸ ಆ ಚೊಂಬೇ. ಕಾಯುವವನು ನೋಡುತ್ತಿರುತ್ತಾನೆ. ಮತ್ತು ನೋಡಿದ್ದು ಹೀಗೆ ಬಂದರೆ ಹೀಗೆ ಮಾಡುತ್ತೇನೆ ಎಂದು ಮೊದಲೇ ನಿಶ್ಚಯಿಸಿರುತ್ತಾನೆ. ಉಪೇಕ್ಷೆ ಮಾಡುವವನು ನೋಡುವುದನ್ನೇ ತಪ್ಪಿಸಿಕೊಳ್ಳುತ್ತಾನೆ, ಏಕೆಂದರೆ ನೋಡಿದರೆ ಏನಾದರೂ ಮಾಡಬೇಕಾಗುತ್ತದೆ.

ನಾನು ಅಮೋನಿಯ ಮತ್ತು ನೈಟ್ರೈಟ್ ಅಳೆಯುವ ಕಿಟ್ ತಂದೆ. ಗಾಜಿನ ನಳಿಕೆಯಲ್ಲಿ ಐದು ಮಿಲಿಲೀಟರ್ ನೀರು, ಕೆಲವು ಹನಿ ದ್ರವ, ಐದಾರು ನಿಮಿಷ ಕಾದು ಬಣ್ಣ ನೋಡುವುದು. ಮೊದಲ ದಿನ ಅಮೋನಿಯದ ನಳಿಕೆ ಕಡು ಹಸಿರಾಯಿತು. ಹಳದಿಯೇ ಇರಬೇಕಾಗಿತ್ತು. ಅಂದು ಕಾಲು ಭಾಗ ನೀರು ಬದಲಿಸಿದೆ, ಕ್ಲೋರಿನ್ ತೆಗೆದ ನೀರಿನಿಂದ. ಸ್ಪಂಜನ್ನು ಮುಟ್ಟಲಿಲ್ಲ. ಮೇವನ್ನು ಎರಡು ದಿನ ನಿಲ್ಲಿಸಿ, ಆಮೇಲೆ ಒಂದು ಚಿಟಿಕೆಗೆ ಇಳಿಸಿದೆ. ನೀರು ಮತ್ತೆ ಬೆಳ್ಳಗಾಯಿತು. ಈ ಬಾರಿ ಬಿಟ್ಟೆ. ಬೆಳಿಗ್ಗೆ ಸಂಜೆ ನಳಿಕೆ ನೋಡುತ್ತಿದ್ದೆ, ಹಸಿರು ಏರಿದ ದಿನ ಮಾತ್ರ ಕಾಲು ಭಾಗ ಬದಲಿಸುತ್ತಿದ್ದೆ. ಏನೂ ಮಾಡದ ಆ ದಿನಗಳು ಮೂರು ಸಲ ತೊಳೆದ ದಿನಗಳಿಗಿಂತ ಹೆಚ್ಚು ಶ್ರಮದ್ದಾಗಿದ್ದವು ಎಂದರೆ ಅತಿಶಯೋಕ್ತಿಯಲ್ಲ. ಹತ್ತು ದಿನಕ್ಕೆ ಮಂಜು ತಾನಾಗಿ ಇಳಿಯಿತು. ಹಳದಿ ಬರಲು ಮತ್ತೂ ಮೂರು ವಾರ ಹಿಡಿಯಿತು. ಅಂದರೆ ಆ ಮೂರು ವಾರ ನೀರು ತಿಳಿಯಾಗಿಯೇ ಇತ್ತು, ಆದರೆ ಒಳ್ಳೆಯದಾಗಿರಲಿಲ್ಲ. ನಳಿಕೆ ಇಲ್ಲದಿದ್ದರೆ ಗೆದ್ದೆನೆಂದು ನಿಲ್ಲಿಸಿಬಿಡುತ್ತಿದ್ದೆ.

ಅಕ್ವೇರಿಯಮ್ಮಿನ ಇತಿಹಾಸದ ಶುರುವಿನಲ್ಲೇ ಇಂಥದೊಂದು ಕಥೆ ಇರುವುದು ಆಮೇಲೆ ಓದಿ ತಿಳಿಯಿತು. ಲಂಡನ್ನಿನ ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ದೊಡ್ಡ ಗಾಜಿನ ಪಾತ್ರೆಯಲ್ಲಿ ಎರಡು ಗೋಲ್ಡ್ ಫಿಶ್ ಮತ್ತು ವ್ಯಾಲಿಸ್ನೇರಿಯ ಗಿಡ ಇಟ್ಟಿದ್ದ. ಗಿಡದ ಎಲೆಗಳು ಕೊಳೆತು ನೀರು ಕದಡತೊಡಗಿತು. ಆತ ಕೊಳದ ಕೆಲವು ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತ ಎಲೆಯನ್ನು ತಿಂದವು, ನೀರು ತಿಳಿಯಾಯಿತು. 1850ರಲ್ಲಿ ಅವನು ಇದನ್ನು ಅಲ್ಲಿನ ಕೆಮಿಕಲ್ ಸೊಸೈಟಿಯ ಮುಂದಿಟ್ಟ. ನನಗೆ ಹಿಡಿಸಿದ್ದು ಅವನ ಬುದ್ಧಿವಂತಿಕೆಗಿಂತ ಅವನು ಕೇಳಿಕೊಂಡ ಪ್ರಶ್ನೆ. ‘ಈ ಕದಡನ್ನು ಹೇಗೆ ತೆಗೆಯಲಿ?’ ಎಂದಲ್ಲ, ‘ಕೊಳದಲ್ಲಿ ಇದನ್ನು ಯಾರು ತೆಗೆಯುತ್ತಾರೆ, ಇಲ್ಲಿ ಯಾರು ಇಲ್ಲ?’ ಎಂದು.

ಇದರಿಂದ ಕೊನೆಯ ಪ್ರಶ್ನೆಗೆ ಬರುತ್ತೇನೆ. ಹೊಳೆಯ ಮೀನಿಗೆ ನೀರು ಕೆಟ್ಟರೆ ಬೇರೆ ಕಡೆ ಈಜುವ ದಾರಿಯಿದೆ. ಹರಿವು ಇದೆ, ಕೆಸರಿದೆ, ಗಿಡವಿದೆ, ಹುಳುವಿದೆ. ನಾನು ನಾಲ್ಕು ಗಾಜು ನಿಲ್ಲಿಸಿ ಆ ದಾರಿಗಳನ್ನೆಲ್ಲ ಮುಚ್ಚಿದೆ. ಹಾಗೆ ಮುಚ್ಚಿದ ಗಳಿಗೆಯಲ್ಲೇ ಹೊಳೆ ಮಾಡುತ್ತಿದ್ದ ಕೆಲಸವೆಲ್ಲ ನನ್ನ ತಲೆಗೆ ಬಂತು. ನಾನು ಮೀನನ್ನು ಎಷ್ಟು ಪ್ರೀತಿಸುತ್ತೇನೆ ಎಂಬುದಕ್ಕೂ ಈ ಹೊಣೆಗೂ ಸಂಬಂಧವಿಲ್ಲ. ನಾನು ಯಾವ ಬಾಗಿಲು ಮುಚ್ಚಿದ್ದೇನೆ ಎಂಬುದರ ಮೇಲೆ ಅದು ನಿಂತಿದೆ. ಸಾಕುವುದೇ ಸರಿಯೇ ಎಂದು ಕೇಳುವವರಿದ್ದಾರೆ, ಹೆಂಡತಿಯೂ ಕೇಳಿದಳು. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಇಂದು ಕೇಳಿದರೆ ತೊಟ್ಟಿ ತರುವುದಿಲ್ಲ. ಆದರೆ ತಂದಾಗಿದೆ, ಈಗ ಉಳಿದಿರುವ ಪ್ರಶ್ನೆ ತರಬೇಕಿತ್ತೇ ಎಂಬುದಲ್ಲ. ತಂಡದ ಹುಡುಗನ ವಿಷಯವೂ ಇಷ್ಟೇ. ಅವನ ಮಾತಿಗಿದ್ದ ಬಾಗಿಲು ಆ ಮೀಟಿಂಗ್ ಒಂದೇ. ಅದನ್ನು ಮುಚ್ಚಿದವನು ನಾನು.

ಮಗಳ ವಿಷಯ ಬಾಕಿ ಇತ್ತು. ಸುಳ್ಳಿನ ಬಗ್ಗೆ ನಾನು ಇದುವರೆಗೆ ಅಂದುಕೊಂಡಿದ್ದೆ, ಅದು ಕೇಳಿದವರಿಗೆ ಮಾಡುವ ಮೋಸ ಎಂದು. ಅದಷ್ಟೇ ಅಲ್ಲ. ‘ಅಂಗಡಿಯವನ ತಪ್ಪು’ ಎಂದ ಮೇಲೆ ನಾನು ನನ್ನ ನೀರನ್ನು ನೋಡುವುದನ್ನೇ ಬಿಟ್ಟೆ. ತಪ್ಪನ್ನು ಹೊರಗೆ ಹಾಕಿದವನು ಕಾರಣವನ್ನೂ ಹೊರಗೇ ಹುಡುಕುತ್ತಾನೆ. ಮೊದಲ ಮೂರು ಮೀನು ಸತ್ತದ್ದು ನನ್ನ ಅಜ್ಞಾನದಿಂದ. ಆಮೇಲಿನ ಎರಡು ಸತ್ತದ್ದು ಆ ವಾಕ್ಯದಿಂದ. ಅಜ್ಞಾನಕ್ಕೆ ಕ್ಷಮೆ ಇರಬಹುದು. ಗೊತ್ತುಮಾಡಿಕೊಳ್ಳದೆ ಇರಲು ನಾನೇ ಕಟ್ಟಿಕೊಂಡ ಗೋಡೆಗೆ ಏನು ಹೇಳಲಿ?

ಒಂದು ಸಂಜೆ ಅವಳ ಕೈಗೇ ನಳಿಕೆ ಕೊಟ್ಟು, ಹನಿ ಎಣಿಸಲು ಹೇಳಿ, ಬಣ್ಣಕ್ಕೆ ಕಾಯುವಾಗ ಎಲ್ಲ ಹೇಳಿದೆ. ಸ್ಪಂಜು ತೊಳೆದದ್ದು, ಔಷಧ ಸುರಿದದ್ದು, ನೆಂಟರೆದುರು ಚೆನ್ನಾಗಿ ಕಾಣಲೆಂದು ಮಾಡಿದ್ದು. ಅವಳು ಬೇಸರ ಮಾಡಿಕೊಳ್ಳುತ್ತಾಳೆಂದುಕೊಂಡಿದ್ದೆ. ಅವಳ ಗಮನ ಬೇರೆ ಕಡೆ ಇತ್ತು.

‘ಹಾಗಾದ್ರೆ ಅಂಗಡಿ ಅಜ್ಜಂಗೆ ಸಾರಿ ಹೇಳ್ಬೇಕಲ್ಲ? ಅವರು ಫ್ರೀಯಾಗಿ ಕೊಟ್ರು.’

ಶನಿವಾರ ಹೋದೆವು. ಅವತ್ತೂ ಗಿರಾಕಿಗಳಿದ್ದರು. ಅವರೆಲ್ಲ ಹೋಗಲಿ ಎಂದು ಹೊರಗೆ ನಿಂತಿದ್ದೆ. ಮಗಳು ನನ್ನ ಮುಖ ನೋಡಿದಳು. ಬೈದದ್ದು ಜನರೆದುರು ಎಂಬುದು ಅವಳಿಗೂ ನೆನಪಿತ್ತೆಂದು ಕಾಣುತ್ತದೆ. ಒಳಗೆ ಹೋಗಿ, ಅದೇ ಅರೆಬರೆ ಮರಾಠಿಯಲ್ಲಿ, ನಿಮ್ಮ ಮೀನಿನದೇನೂ ತಪ್ಪಿರಲಿಲ್ಲ, ನಾನೇ ತೊಳೆದು ಕೊಂದೆ ಎಂದೆ. ಮೂರು ಮೀನಿನ ದುಡ್ಡು ಮೇಜಿನ ಮೇಲಿಟ್ಟೆ.

ಅವರು ನಕ್ಕರು. ಎಲ್ಲರೂ ತೊಳೆದೇ ತೊಳೆಯುತ್ತಾರೆ, ತೊಳೆಯಬೇಡಿ ಎಂದರೆ ಯಾರೂ ಕೇಳುವುದಿಲ್ಲ ಎಂದರು. ಆಮೇಲೆ ಸ್ವಲ್ಪ ತಡೆದು, ಮೊದಲ ದಿನವೇ ಮೀನು ಕೊಡಬಾರದಿತ್ತು, ಮಗು ಅಳುತ್ತದೆಂದು ಕೊಟ್ಟುಬಿಟ್ಟೆ, ಅದು ನನ್ನದೂ ತಪ್ಪು ಎಂದರು. ಅವರ ತಪ್ಪೂ ಇತ್ತು, ಹೌದು. ಆದರೆ ಅದನ್ನು ಹೇಳಬೇಕಾದವರು ಅವರೇ, ಹೇಳಿದರು. ದುಡ್ಡು ತೆಗೆದುಕೊಂಡರು. ತಮ್ಮ ಹಳೆಯ ತೊಟ್ಟಿಯ ಫಿಲ್ಟರಿನಿಂದ ಒಂದು ತುಂಡು ಸ್ಪಂಜು ಕತ್ತರಿಸಿ, ಅದೇ ತೊಟ್ಟಿಯ ನೀರಿನೊಂದಿಗೆ ಕವರಿಗೆ ಹಾಕಿ ಮಗಳ ಕೈಗೆ ಕೊಟ್ಟರು. ಕಂದು ಬಣ್ಣದ, ಲೋಳೆಯಾದ, ನೋಡಲು ಹೇಸಿಗೆಯೆನಿಸುವ ತುಂಡು. ಇದನ್ನು ನಿಮ್ಮ ಸ್ಪಂಜಿನ ಪಕ್ಕದಲ್ಲಿಡಿ, ತೊಳೆಯಬೇಡಿ ಎಂದರು.

ದಾರಿಯುದ್ದಕ್ಕೂ ಮಗಳು ಆ ಕವರನ್ನು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಈಗ ತೊಟ್ಟಿಯಲ್ಲಿ ನಾಲ್ಕು ಮೀನಿವೆ. ಭಾನುವಾರ ನಳಿಕೆ ನೋಡುವುದು ಅವಳ ಕೆಲಸ; ಬಂದ ಬಣ್ಣವನ್ನು ಕ್ಯಾಲೆಂಡರಿನ ಮೇಲೆ ಬರೆದಿಡುತ್ತಾಳೆ. ಆ ಹುಡುಗನ ನಂಬರು ನನ್ನ ಫೋನಿನಲ್ಲಿ ಇನ್ನೂ ಇದೆ. ಅಂಗಡಿಯಿಂದ ಬಂದ ರಾತ್ರಿ ಅವನಿಗೊಂದು ಮೆಸೇಜು ಬರೆದೆ. ಕಳಿಸಿಯೂ ಆಗಿದೆ. ಉತ್ತರ ಬಂದಿಲ್ಲ, ಬರಲೇಬೇಕೆಂದೇನೂ ಇಲ್ಲ.